ಗಂಟು ಬಿಚ್ಚಿಸುವ ಉದ್ದವ್ವ

ಕುಲಗೋಡದ ಉದ್ದವ್ವ ಬಸ್ಸಿಳಿದು ಮೂಡಲಗಿಯ ಕಾಶೆವ್ವನ ಮನೆಯ ಮುಂದೆ ನಿಂತಾಗ ಕಾಶೆವ್ವ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದಳು. ಬಂದವಳನ್ನು ನೋಡಿಯೂ ಮೊರ ನಿಲ್ಲಿಸಲಿಲ್ಲ. ಹೊಟ್ಟು ಉದ್ದವ್ವನ ಕಾಲ ಮೇಲೆಯೇ ಬೀಳಬೇಕು, ಹಾಗೆ ತಿರುಗಿಸಿ ಕೇರಿದಳು.

“ಯಾರು ಬಾ ಅಂದ್ರು ನಿನಗ?”

“ನಿಮ್ಮ ಸೊಸಿ ಫೋನ್ ಮಾಡಿದ್ಳರಿ. ಏಳು ತಿಂಗಳದಾಗ ಬಿದ್ದಾಳಂತ.”

“ಸೊಸಿ ಫೋನ್ ಮಾಡಿದ್ರ ಬಂದ ಬಿಡೂದ? ಮನ್ಯಾಗ ಹಿರಿಯಾರು ಸತ್ತಾರೇನು?”

“ಗಟ್ಟಿ ಅದಾರಂತ ಕೇಳೇನ್ರಿ. ಗಟ್ಟಿ ಇದ್ದದ್ದಕ್ಕ ಫೋನ್ ಬಂದೈತಿ,” ಅಂದಳು ಉದ್ದವ್ವ, ಕಾಲ ಮೇಲಿನ ಹೊಟ್ಟು ಜಾಡಿಸುತ್ತ.

ಕಟ್ಟೆ ಹತ್ತು ಎಂದು ಕಾಶೆವ್ವ ಅನ್ನಲಿಲ್ಲ. ಉದ್ದವ್ವ ದಲಿತರ ಓಣಿಯವಳು, ಕಾಶೆವ್ವ ಲಿಂಗವಂತರ ಮನೆಯ ಯಜಮಾನಿ. ನೆಲಕ್ಕೆ ಟೈಲ್ಸು ಬಂದಿದ್ದವು, ಗೋಡೆಗೆ ಟಿವಿ ಬಂದಿತ್ತು, ಆದರೆ ಆ ಕಟ್ಟೆ ಮಾತ್ರ ಮೂವತ್ತೊಂದು ವರ್ಷದ ಹಿಂದೆ ಉದ್ದವ್ವ ಇಲ್ಲಿ ಹೆರಿಗೆ ಮಾಡಿಸಲು ಬಂದಾಗ ಎಲ್ಲಿತ್ತೋ ಅಲ್ಲೇ ಇತ್ತು. ಉದ್ದವ್ವ ಮನೆಯ ಬಾಜೂ ಸಂದಿ ಹಿಡಿದು ಹಿತ್ತಲಿಗೆ ನಡೆದಳು. ಹಾದಿ ಯಾರೂ ತೋರಿಸಬೇಕಾಗಿರಲಿಲ್ಲ.

ಉದ್ದವ್ವ ಈಗ ಹೆರಿಗೆ ಮಾಡಿಸುವುದಿಲ್ಲ. ಅವಳ ತಾಯಿ ಮಾಡಿಸುತ್ತಿದ್ದಳು, ಇವಳೂ ಇಪ್ಪತ್ತು ವರ್ಷ ಮಾಡಿಸಿದಳು. ಬರಬರುತ್ತ ಹೆಂಗಸರೆಲ್ಲ ದವಾಖಾನೆಗೆ ಹೋಗತೊಡಗಿದರು. ಹೋಗಲಿ, ಅದೇ ಒಳ್ಳೆಯದು ಅನ್ನುತ್ತಿದ್ದಳು. ಯಾಕೆಂದರೆ ರಕ್ತ ನಿಲ್ಲದೆ ಅವಳ ಕೈಯಲ್ಲೇ ತಣ್ಣಗಾದ ಇಬ್ಬರ ಮುಖ ಅವಳಿಗೆ ಇನ್ನೂ ಕಾಣುತ್ತಿದ್ದವು. ಈಗ ಅವಳ ಕೆಲಸ ಹೆರುವಾಕೆಯ ಪಕ್ಕದಲ್ಲಿ ಕೂಡುವುದು ಅಷ್ಟೇ. ನೋವು ಬಂದಾಗ ಸೊಂಟ ತಿಕ್ಕಿ ಕೈ ಕೊಡಬೇಕು, ನೋವು ಇಳಿದಾಗ ಗುಟುಕು ನೀರು ಕುಡಿಸಿ ನಾಲ್ಕು ಹೆಜ್ಜೆ ನಡೆಸಬೇಕು, ಡಾಕ್ಟರು ಹೇಳಿದ್ದನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಸೂಜಿ ಕತ್ತರಿ ಮುಟ್ಟುವಂತಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕಿನಲ್ಲಿ ಬಸ್ಸು ಹೋಗುವ ಊರಿಗೆಲ್ಲ ಅವಳು ಹೀಗೆ ಹೋಗಿ ಕೂತು ಬಂದಿದ್ದಳು.

ಅವಳದೊಂದು ಪದ್ಧತಿ ಇತ್ತು. ಏಳು ತುಂಬುವುದರೊಳಗೆ ಒಮ್ಮೆ ಬಂದು, ಬಸುರಿಯೊಬ್ಬಳನ್ನೇ ಕರೆದು ಒಂದೇ ಮಾತು ಕೇಳುವಳು: “ಬ್ಯಾನಿ ತಿನ್ನೂವಾಗ ಯಾರ ದನಿ ನಿನ್ನ ಕಿವಿಗೆ ಬೀಳಬಾರದು?” ಬಹಳ ಮಂದಿ ಅತ್ತೆಯ ಹೆಸರು ಹೇಳುತ್ತಿದ್ದರು. ಕೆಲವರು ಗಂಡನದು. ಒಬ್ಬಳು ಹೆತ್ತ ತಾಯಿಯ ಹೆಸರೇ ಹೇಳಿದ್ದಳು. ಹೆಸರು ಯಾರದೇ ಇರಲಿ, ಹೆರಿಗೆಯ ದಿನ ಉದ್ದವ್ವ ಆ ಮನುಷ್ಯರನ್ನು ಗಂಟು ಬಿಚ್ಚಲು ಕಳಿಸುತ್ತಿದ್ದಳು. ಬೇನೆ ಹತ್ತಿದಾಗ ಮನೆಯೊಳಗಿನ ಗಂಟೆಲ್ಲ ಬಿಚ್ಚಬೇಕು, ಕೀಲಿಯೆಲ್ಲ ತೆಗೆಯಬೇಕು, ಆವಾಗ ಹೊಟ್ಟೆಯ ಗಂಟೂ ಬಿಚ್ಚುತ್ತದೆ ಎಂಬುದು ಈ ಕಡೆ ಎಲ್ಲ ಮನೆಯ ನಂಬಿಕೆ. ಉದ್ದವ್ವನಿಗೆ ಆ ನಂಬಿಕೆ ಇರಲಿಲ್ಲ. ಒಳಗಿನ ಕೂಸಿಗೆ ಟ್ರಂಕಿನ ಕೀಲಿ ಏನು ಗೊತ್ತು? ಆದರೆ ಬಾಯಿ ಮುಚ್ಚದವರನ್ನು ಹೊರಗೆ ದಾಟಿಸಲು ಇದಕ್ಕಿಂತ ಒಳ್ಳೆಯ ಕೆಲಸವಿರಲಿಲ್ಲ. ಬಿಚ್ಚುವುದಿಲ್ಲ ಅಂತ ಯಾವ ಅತ್ತೆಯೂ ಅನ್ನುವಂತಿರಲಿಲ್ಲ.

ಹಿತ್ತಲಲ್ಲಿ ಸುಜಾತಾ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ತವರು ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿ. ತಾಯಿ ಇಲ್ಲ, ಹಾಗಾಗಿ ಹೋದ ವರ್ಷದ ಚೊಚ್ಚಲ ಹೆರಿಗೆಯೂ ಗಂಡನ ಮನೆಯಿಂದಲೇ ಆಗಿತ್ತು. ಆ ದಿನ ದವಾಖಾನೆಯಲ್ಲಿ ಕಾಶೆವ್ವ ತಲೆದಿಂಬಿನ ಹತ್ತಿರ ಕೂತು ಹನ್ನೊಂದು ತಾಸು ಬೈದಿದ್ದಳು. ಹಿಂಗ ಚೀರಿದ್ರ ಮಂದಿ ನಗತಾರ, ನಾವೇನು ಹಡದಿಲ್ಲೇನು, ನಾಜೂಕಿನ ಹೆಣ್ಣ ತಂದ ತಪ್ಪ ಮಾಡಿದ್ವಿ. ಕೂಸು ಹುಟ್ಟುವುದರೊಳಗೆ ತೀರಿಹೋಗಿತ್ತು. ಹೊಕ್ಕುಳ ಬಳ್ಳಿ ಕೊರಳಿಗೆ ಸುತ್ತಿತ್ತು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ಕಾಶೆವ್ವ ಮಾತ್ರ ಓಣಿಯ ತುಂಬ “ಹಡಿಯಾಕ ಬರದಾಕಿ” ಎಂದು ಹೇಳಿ ಬಂದಳು.

ಉದ್ದವ್ವ ತನ್ನ ಅದೇ ಒಂದು ಮಾತು ಕೇಳಿದಳು. ಸುಜಾತಾ ಮುಂದಿನ ಕಟ್ಟೆಯ ಕಡೆ ಗದ್ದ ತಿರುಗಿಸಿ ತೋರಿಸಿದಳು.

“ಅವರ ದನಿ ಕೇಳಿದ್ರ ನನ್ನ ಹೊಟ್ಟಿ ಮುಚ್ಚಿಕೊಂಡಂಗ ಆಗತೈತಿ. ಈ ಸಲನೂ ಅವರು ಒಳಗ ಬಂದ್ರ ಈ ಕೂಸೂ ಉಳಿಯೂದಿಲ್ಲ ಅನಸತೈತಿ. ನೀನ ಬಾ ಉದ್ದವ್ವ.”

“ದವಾಖಾನ್ಯಾಗ ಒಳಗ ಒಬ್ಬರನ್ನಷ್ಟ ಬಿಡತಾರ. ಯಾರು ಬರತಾರ ಅಂತ ನರ್ಸಬಾಯಿ ಕೇಳತಾಳ. ಆವಾಗ ಹೆಸರು ನೀನ ಹೇಳಬೇಕು.”

“ನೀನ ಹೇಳು. ನಿನಗ ಎಲ್ಲಾರೂ ಅಂಜತಾರ.”

“ನಾ ನಿನ್ನ ಬಾಯಿ ಆಗೂದಿಲ್ಲ ತಂಗಿ. ನಾ ಹೇಳಿದ್ರ ಕೈ ಹಿಡದ ಹೊರಗ ದಬ್ಬತಾರ. ಹಡಿಯಾಕಿ ಹೇಳಿದ್ರ ದಬ್ಬಾಕ ಯಾರಿಗೂ ಆಗೂದಿಲ್ಲ.”

ಸುಜಾತಾ ಕಲ್ಲಿನ ಕಡೆ ನೋಡಿದಳು. ನಾಲ್ಕು ವರ್ಷದಲ್ಲಿ ಅತ್ತೆಯ ಎದುರು ಒಂದು ಸಲವೂ ಇಲ್ಲ ಅಂದವಳಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಗಿನ ಜಾವ ಬೇನೆ ಹತ್ತಿತು. ಗಂಡ ಬಸವಲಿಂಗ ಸುಜಾತಾಳನ್ನು ಜೀಪಿನಲ್ಲಿ ಗೋಕಾಕದ ದವಾಖಾನೆಗೆ ಕರೆತಂದ. ಉದ್ದವ್ವ ಮೊದಲ ಬಸ್ಸಿಗೆ ಬಂದು ಮುಟ್ಟಿದಾಗ ಬಿಸಿಲು ಏರಿತ್ತು. ಕಾಶೆವ್ವ ಹೆರಿಗೆ ಕೋಣೆಯ ಹೊರಗೆ ಕೂಡುವ ಬಾಕಿನ ಮೇಲೆ ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುಜಾತಾ ಗೋಡೆ ಹಿಡಿದು ನಿಂತಿದ್ದಳು. ಉದ್ದವ್ವ ಯಾರಿಗೂ ನಮಸ್ಕಾರ ಮಾಡಲಿಲ್ಲ, ಸೀದಾ ಹೋಗಿ ಸುಜಾತಾಳ ಸೊಂಟಕ್ಕೆ ಅಂಗೈ ಕೊಟ್ಟಳು. ಅವಳನ್ನು ಆ ತುದಿಗೆ ನಡೆಸಿದಳು, ಈ ತುದಿಗೆ ನಡೆಸಿದಳು. ಪ್ರತಿ ಸಲ ಬಾಕಿನ ಮುಂದೆ ಬಂದಾಗ ಸುಜಾತಾಳ ಹೆಜ್ಜೆ ತಡವರಿಸುತ್ತಿತ್ತು.

“ಡೊಂಬರಾಟಿ ಸಾಕು,” ಅಂದಳು ಕಾಶೆವ್ವ. “ಹೊಲಾ ಹರಗಿಕೋತ ಹಡದೇವಿ ನಾವು.”

ಸುಜಾತಾ ನಡೆಯುವುದು ನಿಲ್ಲಿಸಿ ಮತ್ತೆ ಗೋಡೆ ಹಿಡಿದಳು. ಉದ್ದವ್ವ ತಿರುಗಿದಳು.

“ಕಾಶೆವ್ವಾರ, ಮನಿಗೆ ಹೋಗಿ ಗಂಟು ಬಿಚ್ಚಿ ಬರ್ರಿ. ಜೀಪಿನ್ಯಾಗ ಹೋದ್ರ ಲಗೂನ ಆಕೈತಿ.”

ಕಾಶೆವ್ವ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ದವಾಖಾನೆಯ ಮಂದಿ ತಿರುಗಿ ನೋಡುವಷ್ಟು ನಕ್ಕಳು.

“ಈ ಆಟಾ ನನ್ನ ಮುಂದ ಹೂಡತೀ? ಬಸವಲಿಂಗನ್ನ ಹಡಿಯೂ ಮುಂದ ನಮ್ಮತ್ತಿನ್ನ ಹಿಂಗ ಕಳಿಸಿದ್ದಿ. ಮುದಕಿ ಚೀಲಾ ಬಿಚ್ಚಿತು, ಟ್ರಂಕ ತಗೀತು, ಕಡೀಕ ಎತ್ತಿನ ಹಗ್ಗಾ ಬಿಚ್ಚಿ ಬಿಟ್ಟಿತು. ಅವು ಬಾಜೂ ಹೊಲದವರ ಕಬ್ಬಿನ್ಯಾಗ ಹೊಕ್ಕವು. ಆಕಿ ಎತ್ತ ಹುಡಕೂದ್ರಾಗ ಇವ ಹುಟ್ಟಿದ್ದ. ಬ್ಯಾನ್ಯಾಗೂ ನಕ್ಕೇನಿ ನಾ. ನನಗ ಗಂಟ ಬಿಚ್ಚಾಕ ಹಚ್ಚತಾಳಂತ.”

ಅವಳು ಹೇಳಿದ್ದೆಲ್ಲ ಖರೆ. ಉದ್ದವ್ವನಿಗೆ ಆ ಮೇಲಿನದೂ ನೆನಪಿತ್ತು. ಐದನೆಯ ದಿನ ಬಾಣಂತಿಯ ಪೂಜೆಗೆ ಕರೆದು, ಅದೇ ಕಾಶೆವ್ವ ಅವಳನ್ನು ದನದ ಕೊಟ್ಟಿಗೆಯಲ್ಲಿ ಕೂಡ್ರಿಸಿ, ನೀರನ್ನು ಮೊಳ ಎತ್ತರದಿಂದ ಬೊಗಸೆಗೆ ಹೊಯ್ದಿದ್ದಳು. ಬೇನೆಯಲ್ಲಿ ಉದ್ದವ್ವನ ಕೊರಳು ತಬ್ಬಿದ್ದ ಕೈ ಅದು. ಹೋಳಿಗೆಯ ಮೇಲೆ ಸಗಣಿಯ ನೊಣ ಕೂತಿದ್ದವು. ಉದ್ದವ್ವ ಉಂಡಿದ್ದಳು, ಹಸಿವಾಗಿತ್ತು.

ಈಗ ಅವಳು ಬಾಕಿನ ಹತ್ತಿರ ಬಂದು ನಿಂತಳು. ಮಾತಿನಿಂದ ಮರ್ಯಾದೆ ಬಿಟ್ಟುಹೋಗಿತ್ತು.

“ನಕ್ಕಿದ್ದಿ ಖರೆ. ಆ ಮುದಕಿ ಹೊರಗ ಹೋದ್ಲಂತ ನಕ್ಕಿದ್ದಿ. ಈಗ ಆ ಮುದಕಿ ನೀನ ಆಗೀದಿ ಕಾಶೆವ್ವ. ಆಕಿ ತಿಳೀಲಾರದ ಬೈತಿದ್ಲು. ನೀ ತಿಳದು ಬೈತಿ.”

“ನನ್ನ ಮೊಮ್ಮಗಾ ನಿಮ್ಮ ಓಣ್ಯಾಕಿ ಕೈಯಾಗ ಬೀಳಬೇಕೇನು?”

“ನಿನ್ನ ಮಗಾ ಬಿದ್ದಾನಲ್ಲ. ಇಲ್ಲೇ ನಿಂತಾನ, ನೋಡಿಕೋ, ಎಲ್ಲೆರ ಮೈ ಹರದೈತೇನು?”

ಬಸವಲಿಂಗ ಇಬ್ಬರ ನಡುವೆ ನಿಂತು ಜೀಪಿನ ಕೀಲಿ ತಿರುಗಿಸುತ್ತಿದ್ದ. “ಅವ್ವಾ, ಮೆಲ್ಲಕ” ಅಂದ. “ನೀ ಸುಮ್ಮಿರೋ” ಎಂದು ಇಬ್ಬರೂ ಕೂಡಿಯೇ ಅಂದರು.

ಅಷ್ಟರಲ್ಲಿ ಬಾಗಿಲು ತೆರೆದು ನರ್ಸಬಾಯಿ ಹೊರಗೆ ಬಂದಳು. “ಪೇಶಂಟ್ ಒಳಗ ಬರ್ರಿ. ಜೋಡಿ ಒಬ್ಬರಷ್ಟ. ಯಾರು?”

ಕಾಶೆವ್ವ ಗಂಟು ಎತ್ತಿಕೊಂಡು ಎದ್ದಳು. “ನಾ ಅತ್ತಿ. ಮತ್ತ್ಯಾರು ಬರತಾರ?”

ಹೆಸರು ಹೇಳುವುದು ಉದ್ದವ್ವನ ಕೆಲಸವಲ್ಲ. ಬಾಯಿ ತುಂಬ ಮಾತಿತ್ತು, ನುಂಗಿದಳು. ಸುಜಾತಾಳ ಕೈಯನ್ನು ಹಿಡಿಯಲೂ ಇಲ್ಲ, ಬಿಡಲೂ ಇಲ್ಲ. ಅಂಗೈ ಅಂಗಾತ ಇಟ್ಟು ನಿಂತಳು. ಬೇನೆ ಬಂತು. ಸುಜಾತಾ ಗೋಡೆಗೆ ಹಣೆ ಹಚ್ಚಿದಳು. ಕಾಶೆವ್ವ ಆಗಲೇ ಹೊಸ್ತಿಲಲ್ಲಿ ಒಂದು ಕಾಲಿಟ್ಟಿದ್ದಳು. ನರ್ಸಬಾಯಿಗೆ ಅವಸರವಿತ್ತು, ಕಾಶೆವ್ವನ ಹಿಂದೆ ಬಾಗಿಲು ಎಳೆಯಲು ಕೈ ಮಾಡಿದಳು.

“ಉದ್ದವ್ವ,” ಅಂದಳು ಸುಜಾತಾ.

“ಏನ್ ಅಂದ್ರಿ?” ಎಂದಳು ನರ್ಸಬಾಯಿ.

ಸುಜಾತಾ ಗೋಡೆಯಿಂದ ಹಣೆ ತೆಗೆದಳು. “ಅತ್ತಿ ಬ್ಯಾಡ. ಉದ್ದವ್ವ ಬರಲಿ. ಅತ್ತಿ ಒಳಗ ಇದ್ರ ನಾ ಒಳಗ ಬರಾಂಗಿಲ್ಲ.”

ದನಿ ಸಣ್ಣದಿತ್ತು, ಆದರೆ ಪಡಸಾಲೆಯುದ್ದ ಬಾಕಿನ ಮೇಲೆ ಕೂತವರೆಲ್ಲ ಕೇಳಿಸಿಕೊಂಡರು. ಕಾಶೆವ್ವ ಹೊಸ್ತಿಲಿನ ಕಾಲು ಹಿಂದೆ ತೆಗೆಯಲಿಲ್ಲ. ನರ್ಸಬಾಯಿಯೇ ಅವಳ ಹೆಗಲು ಹಿಡಿದು ಹೊರಗೆ ನಿಲ್ಲಿಸಬೇಕಾಯಿತು. “ಮಾಟಾ ಮಾಡ್ಯಾಳ ನನ್ನ ಸೊಸಿಗೆ,” ಎಂದು ಅವಳು ಮುಚ್ಚಿದ ಬಾಗಿಲಿಗೆ ಹೇಳಿದಳು.

ಒಳಗೆ ಐದು ತಾಸು ಹಿಡಿಯಿತು. ಉದ್ದವ್ವ ತಲೆದಿಂಬಿನ ಹತ್ತಿರ ಕೂತು ತನ್ನ ಉಸಿರನ್ನೇ ದೊಡ್ಡದಾಗಿ ಎಳೆದುಕೊಂಡು ಬಿಟ್ಟಳು. ಸುಜಾತಾ ಅದರ ಹಿಂದೆಯೇ ಎಳೆದುಕೊಂಡು ಬಿಟ್ಟಳು. ಮೊದಮೊದಲು ಹೊರಗಿನಿಂದ ಕಾಶೆವ್ವನ ದನಿ ಬರುತ್ತಲೇ ಇತ್ತು. ದನಿ ಬಂದಾಗೊಮ್ಮೆ ಸುಜಾತಾ ಮಂಚದ ಕಬ್ಬಿಣ ಹಿಡಿಯುತ್ತಿದ್ದಳು.

“ಬಾಗಲಾ ಹಾಕೈತಿ,” ಅನ್ನುತ್ತಿದ್ದಳು ಉದ್ದವ್ವ. “ಹಾಕಿಸಿದಾಕಿ ನೀನ. ಆಕಿ ಆ ಕಡೆ, ನೀ ಈ ಕಡೆ.”

ಡಾಕ್ಟರಬಾಯಿ ಬಂದು ನೋಡಿದಳು. ಹೋದ ವರ್ಷದ್ದು ನೆನೆಸಿ ಸುಜಾತಾ “ಕೂಸು ಐತೇನು?” ಎಂದು ಕೇಳಿದಾಗ, ಕೂಸಿನ ಎದೆಬಡಿತವನ್ನು ಮಶೀನಿನಲ್ಲಿ ಇನ್ನೊಮ್ಮೆ ಕೇಳಿಸಿರಿ ಎಂದು ಉದ್ದವ್ವ ನರ್ಸಬಾಯಿಗೆ ಹೇಳಿದಳು. ಟಕಟಕ ಎಂದು ಕುದುರೆ ಓಡಿದ ಹಾಗೆ ಕೇಳಿಸಿತು. ಅದಾದ ಮೇಲೆ ಹೊರಗಿನ ದನಿಯೂ ನಿಂತಿತು. ಯಾಕೆ ನಿಂತಿತು ಎಂದು ಯೋಚಿಸಲು ಉದ್ದವ್ವನಿಗೆ ಪುರುಸೊತ್ತಿರಲಿಲ್ಲ. ಎರಡು ಗಂಟೆಯ ಸುಮಾರಿಗೆ ಹೆಣ್ಣು ಕೂಸು ಹುಟ್ಟಿ, ತಡ ಮಾಡದೆ ಅತ್ತಿತು.

ಉದ್ದವ್ವ ಸುದ್ದಿ ಹೇಳಲು ಹೊರಗೆ ಬಂದಳು. ಬಾಕಿನ ಮೇಲೆ ಕಾಶೆವ್ವ ಕೂದಲು ಬಿಚ್ಚಿ ಹರವಿಕೊಂಡು ಕೂತಿದ್ದಳು. ಬಟ್ಟೆಗಂಟು ಬಿಚ್ಚಿತ್ತು, ಕೂಸಿನ ಕುಲಾಯಿ ಅಂಗಿ ಎಲ್ಲ ಹರಡಿದ್ದವು. ಸೊಂಟದ ಕೀಲಿಗೊಂಚಲು ಬಿಚ್ಚಿ ಬಾಕಿನ ಮೇಲಿತ್ತು. ಸೆರಗಿನ ತುದಿಯ ಗಂಟು, ಬುತ್ತಿಯ ಅರಿವೆ, ಔಷಧದ ಚೀಲದ ದಾರ, ಬಸವಲಿಂಗನ ಬೂಟಿನ ಲೇಸು, ಎಲ್ಲವೂ ಬಿಚ್ಚಿದ್ದವು. ಕೊರಳಿನ ಶಿವದಾರವೊಂದನ್ನು ಮಾತ್ರ ಬಿಚ್ಚಿರಲಿಲ್ಲ. ಅದರ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

“ಮನಿಗೂ ಫೋನ್ ಹಚ್ಚಿದ್ಳು,” ಅಂದ ಬಸವಲಿಂಗ. “ಅಪ್ಪನ ಕೈಲೆ ದನಾ ಬಿಚ್ಚಿಸ್ಯಾಳ. ಒಂದು ಆಕಳಾ ಇನ್ನೂ ಸಿಕ್ಕಿಲ್ಲಂತ.”

ಉದ್ದವ್ವನಿಗೆ ನಗು ಬರಲಿಲ್ಲ. “ಹೆಣ್ಣು. ಗಟ್ಟಿ ಐತಿ. ತಾಯೀನೂ ಗಟ್ಟಿ ಅದಾಳ.”

“ನಿನ್ನ ಮಾತ ಕೇಳಿ ಬಿಚ್ಚಿಲ್ಲ ನಾ,” ಅಂದಳು ಕಾಶೆವ್ವ. ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ಮೆತ್ತಗಾಗಿರಲಿಲ್ಲ. “ಐದನೇ ದಿನದ ಪೂಜಿಗೆ ಬರಬ್ಯಾಡ ನೀ. ಕರ್ಯಾಂಗಿಲ್ಲ.”

“ಕರದ್ರೂ ಬರಾಂಗಿಲ್ಲ. ನಿನ್ನ ಕೊಟಗ್ಯಾಗ ಒಮ್ಮೆ ಉಂಡೇನಿ. ಇನ್ನೂ ಹೊಟ್ಟಿ ತುಂಬೈತಿ.”

ಕಾಶೆವ್ವ ಕೂದಲು ಸುತ್ತಿ ಗಂಟು ಹಾಕಿ ಬಾಗಿಲಿಗೆ ನಡೆದಳು. ನರ್ಸಬಾಯಿ ಅಡ್ಡ ನಿಂತು ಒಳಗೆ ತಿರುಗಿ ಕೇಳಿದಳು: “ನಿಮ್ಮತ್ತಿ ಬಂದಾರ. ಬಿಡಲೇನು?”

ಕಾಶೆವ್ವ ಹೊಸ್ತಿಲಿನ ಹೊರಗೇ ನಿಂತಿದ್ದಳು. ಈ ಸಲ ಕಾಲು ಮುಂದಿಟ್ಟಿರಲಿಲ್ಲ.

“ಬರಲಿ,” ಅಂದಳು ಸುಜಾತಾ. “ಬೈಯಾಕ ಇದ್ರ ಬ್ಯಾಡ. ಸುಮ್ಮ ಕುಂಡ್ರೂದಿದ್ರ ಬರಲಿ.”

ಕಾಶೆವ್ವ ಬಾಯಿ ತೆರೆದಳು, ಉದ್ದವ್ವನ ಮುಖ ನೋಡಿದಳು, ಬಾಯಿ ಮುಚ್ಚಿ ಒಳಗೆ ಹೋದಳು. ಉದ್ದವ್ವ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಕೂಸು ಅತ್ತಿದ್ದು ಕೇಳಿಸಿತು, ಮತ್ತೆ ಯಾರ ದನಿಯೂ ಕೇಳಿಸಲಿಲ್ಲ. ಇನ್ನೊಂದಿಷ್ಟು ಹೊತ್ತು ನಿಂತು ನೋಡಿ, ಕುಲಗೋಡದ ಬಸ್ಸಿಗೆ ಹೊರಟಳು.