ಜಗಳಗಂಟ ಬೂಷ್ಟು

ಕೂತಲ್ಲಿ ಕೂರದ ಸೊಸೆಯೊಬ್ಬಳಿಗೆ ಪ್ರಯೋಗಾಲಯದಲ್ಲಿ ಕಡಲ ಬೂಷ್ಟು ಬೆಳೆಸುವ ಕೆಲಸ. ಬ್ಯಾಕ್ಟೀರಿಯಾ ಕೊಲ್ಲುವ ರಸ ಬಿಡುತ್ತಿದ್ದ ಬೂಷ್ಟೊಂದನ್ನು ಅವಳು ಬೇರೆ ತಟ್ಟೆಯಲ್ಲಿ ಒಂಟಿಯಾಗಿಟ್ಟು, ಸಕ್ಕರೆ ಹಾಕಿ ಮುದ್ದಿನಿಂದ ಸಾಕಿದಳು. ಅದು ಉಂಡು ಕೊಬ್ಬಿತೇ ಹೊರತು ತೊಟ್ಟು ರಸ ಬಿಡಲಿಲ್ಲ. ರೇಗಿಹೋಗಿ ಅದೇ ತಟ್ಟೆಗೆ ಬ್ಯಾಕ್ಟೀರಿಯಾ ಬಿಟ್ಟಳು. ಮರುದಿನ ನೋಡಿದರೆ ಬೂಷ್ಟಿನ ಸುತ್ತ ಅವು ಸತ್ತು ಬಳೆಯಂಥ ಖಾಲಿ ಜಾಗ ಕಾಣಿಸಿತು.

"ಪಕ್ಕದಲ್ಲಿ ಶತ್ರು ಇದ್ರೇನೇ ಅದಕ್ಕೆ ಹುರುಪು ಬರೋದು," ಎಂದು ಸಂಜೆ ಗಂಡನಿಗೆ ಹೇಳುತ್ತಾ, ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು. ಅವಳೊಡನೆ ಜಗಳವಾಡಿ ಅತ್ತೆ ತಮ್ಮ ಮಗಳ ಮನೆಗೆ ಹೋದಂದಿನಿಂದ ಮನೆ ತಣ್ಣಗಿತ್ತು.

"ಕಾಲಲ್ಲೇನು ಚಕ್ರ ಇದ್ಯಾ? ಕೂತ್ಕೋ," ಎಂದ ಗಂಡ.

ಅವಳು ಫೋನ್ ಮಾಡಿದಳು. "ಅತ್ತೇ, ಯಾವಾಗ ಬರ್ತೀರಾ?"

ಆ ಕಡೆಯಿಂದ ಬೈಗುಳ ಶುರುವಾದ ಮೇಲೆ ಕುರ್ಚಿ ಎಳೆದುಕೊಂಡು ಕೂತಳು.