ಮನೆ ಬಿಟ್ಟವರ ಗಿಡಗಳಿಗೆ ನೀರು

ಬೆಳಗಿನ ನಾಲ್ಕೂವರೆ. ಮಸ್ಕತ್ತಿನ ಅಲ್ ಖುವೈರ್ ಹೆದ್ದಾರಿಯಲ್ಲಿ ಕಾರುಗಳ ಗದ್ದಲ ಇನ್ನೂ ಶುರುವಾಗಿಲ್ಲ. ನಾಲ್ಕು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲನ್ನು ಎರಡು ಬಕೆಟ್ ನೀರು ಹಿಡಿದು ಏರುತ್ತಿರುವವರು ಕಾವಲುಗಾರ ಹಾಜಬ್ಬ. ಬಂಟ್ವಾಳದ ಕಡೆಯವರು, ವಯಸ್ಸು ಅರವತ್ತೊಂದು. ಈ ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿನ ನೀರು ಮುಂಜಾನೆಯೂ ಬಿಸಿ. ಬೇರು ಬೆಂದೀತೆಂದು ಹಿಂದಿನ ಸಂಜೆಯೇ ನೀರು ಹಿಡಿದು, ಮೆಟ್ಟಿಲಡಿಯ ತಮ್ಮ ಕೋಣೆಯಲ್ಲಿ ಆರಿಸಿಡುತ್ತಾರೆ.

ಮೇಲೆ ಪೇಂಟಿನ ಡಬ್ಬಿಗಳಲ್ಲಿ ಮೂವತ್ತೊಂದು ಗಿಡಗಳಿವೆ. ಕರಿಬೇವು, ಬಸಳೆ, ತುಳಸಿ, ಮಲ್ಲಿಗೆ. ಒಂದೂ ಅವರದಲ್ಲ. ಬಾಡಿಗೆ ಏರಿ ಮನೆ ಬಿಟ್ಟವರು ವಿಮಾನದಲ್ಲಿ ಒಯ್ಯಲಾಗದೆ ಅವರ ಕೈಗಿತ್ತು ಹೋದವು.

"ಈ ತುಳಸಿ ಬಾಗಲಕೋಟೆಯ ಮಲ್ಲಕ್ಕಂದು. ಫೋನ್ ಮಾಡಿದ್ರೆ ಮೊದಲು ಇದರದ್ದೇ ವಿಚಾರಣೆ, ನನ್ನದು ಆಮೇಲೆ," ಎಂದು ನಗುತ್ತಾರೆ.

ಇಪ್ಪತ್ತನಾಲ್ಕು ಮನೆಗಳ ಕಸ, ಗ್ಯಾಸು, ನೀರು ಎಲ್ಲ ಇಪ್ಪತ್ತೆರಡು ವರ್ಷದಿಂದ ಅವರದೇ ಕೆಲಸ. ಬಾಡಿಗೆ ಏರಿಕೆಯ ನೋಟಿಸನ್ನು ಬಾಗಿಲಡಿ ತೂರಿಸುವುದೂ ಅವರೇ. ಈ ವರ್ಷ ಹದಿನಾರು ಕೊಟ್ಟಿದ್ದಾರೆ, ಒಂಬತ್ತು ಮನೆ ಖಾಲಿಯಾಗಿವೆ.

ಮೂರನೇ ಮಹಡಿಯ ನೋಟಿಸಿನ ಮಾತು ಬಂದಾಗ ಅವರ ನಗು ನಿಲ್ಲುತ್ತದೆ. ಅಲ್ಲಿದ್ದವರು ಹಾಜಬ್ಬ 'ಬಾಯಮ್ಮ' ಎಂದು ಕರೆಯುವ ಉಡುಪಿಯ ಗ್ರೆಟ್ಟಾ, ಗಂಡ ಎಡ್ಮಂಡ್, ಮಗಳು ಡೀನಾ. ಬಾಡಿಗೆಗೆ ಮಿತಿ ಹಾಕಲು ಸರ್ಕಾರದಲ್ಲಿ ಚರ್ಚೆ ನಡೆದಿದೆ, ವಾರದಲ್ಲಿ ಕಾನೂನು ಬಂದೇ ಬಿಡುತ್ತದೆ ಎಂದು ಕಟ್ಟಡವೆಲ್ಲ ಮಾತಾಡುತ್ತಿದ್ದ ದಿನಗಳವು. ಹಾಜಬ್ಬ ನಂಬಿದರು. ನೋಟಿಸನ್ನು ಹನ್ನೆರಡು ದಿನ ಕಿಸೆಯಲ್ಲೇ ಇಟ್ಟುಕೊಂಡರು.

"ಕಾನೂನು ಬಂದ್ರೆ ಈ ಕಾಗದವೇ ಬೇಡ ಅಲ್ವಾ? ಬಾಯಮ್ಮನಿಗೆ ಸುಮ್ಮನೆ ಯಾಕೆ ಬೇಜಾರು ಅಂತ ಗ್ರಹಿಸಿದೆ."

ಕಾನೂನು ಬರಲಿಲ್ಲ, ಮಾಲೀಕರ ಫೋನ್ ಬಂತು. ಹದಿಮೂರನೇ ದಿನ ಕಾಗದ ಬಾಗಿಲಡಿ ಹೋಯಿತು. ಗ್ರೆಟ್ಟಾ ಓಡಾಡಿ ಹುಡುಕಿದರು. ಹಿಂದಿನ ಗಲ್ಲಿಯಲ್ಲಿ ಅವರ ಕೈಗೆಟಕುವ ಒಂದು ಚಿಕ್ಕ ಮನೆಯಿತ್ತು, ಅದು ನಾಲ್ಕು ದಿನದ ಹಿಂದಷ್ಟೇ ಬೇರೆಯವರ ಪಾಲಾಗಿತ್ತು. ಈಗ ಎಡ್ಮಂಡ್ ಐದು ಮಂದಿಯ ಜೊತೆ ಒಂದು ಕೋಣೆಯಲ್ಲಿದ್ದಾರೆ. ಶಾಲಾ ವರ್ಷದ ನಡುವೆಯೇ ಡೀನಾಳನ್ನು ಕರೆದುಕೊಂಡು ಗ್ರೆಟ್ಟಾ ಊರಿಗೆ ಮರಳಿದ್ದಾರೆ. ಬಾಡಿಗೆ ಮಿತಿಯ ಚರ್ಚೆ ಇನ್ನೂ ನಡೆಯುತ್ತಲೇ ಇದೆ. ಕೇಳುತ್ತ ನನಗೆ ಸಿಟ್ಟು ಬರುತ್ತದೆ, ಆದರೆ ಈ ಮನುಷ್ಯನ ಮೇಲೆ ಸಿಟ್ಟಾಗಲು ಸಾಧ್ಯವಾಗುವುದಿಲ್ಲ.

"ಹೋಗುವಾಗ ಮಲ್ಲಿಗೆ ಕೊಟ್ರು. 'ಹಾಜಬ್ಬಾ, ನೀವು ನಮಗೆ ಎಷ್ಟು ಮಾಡಿದ್ದೀರಿ' ಅಂದ್ರು. ಕಾಗದ ಇಟ್ಟುಕೊಂಡದ್ದನ್ನು ಆಗಲೂ ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳುತ್ತೇನೆ. ಅವರು ಮಲ್ಲಿಗೆಯ ಬುಡಕ್ಕೆ ಕೊನೆಯ ಚೊಂಬು ಸುರಿದು, ಕೈ ಒರೆಸಿಕೊಳ್ಳುತ್ತಾರೆ.

"ಬರೀರಿ. ಬಾಯಮ್ಮ ಊರಲ್ಲಿ ನಿಮ್ಮ ಪೇಪರೇ ಓದುದು. ಫೋನಲ್ಲಿ ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ. ಆದ್ರೆ ಮೊದಲು ಮಲ್ಲಿಗೆ ಬದುಕಿದೆ, ನಾಲ್ಕು ಮೊಗ್ಗು ಉಂಟು ಅಂತ ಬರೀರಿ. ನೋಟಿಸಿನ ವಿಷಯ ಆಮೇಲೆ."