ಕ್ಲೇರ್ ಮುಡಿಸಿದ ಮಲ್ಲಿಗೆ

ನಿನ್ನೆ ಬೀರು ತೆಗೆದಾಗ ಅವ್ವನ ಸೀರೆಗಳ ನಡುವಿನಿಂದ ಘಮ್ಮೆಂದು ಒಂದು ವಾಸನೆ ಬಂತು. ಫ್ರಾನ್ಸಿನ ಸಾಬೂನು. ಮೈಗೆ ಹಚ್ಚಿದರೆ ಸವೆದೀತೆಂದು ಅವ್ವ ಮೂರು ವರ್ಷದಿಂದ ಅದನ್ನು ಸೀರೆಗಳಿಗೆ ಕಾವಲಿಟ್ಟಿದ್ದಾಳೆ. ಕೊಟ್ಟವಳು ಕ್ಲೇರ್. ಅವಳ ಗಂಡ ಪಿಯೇರ್, ಪೀಣ್ಯದ ನಮ್ಮ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದವನು. ಅವನ ಮುರುಕು ಇಂಗ್ಲಿಷಿಗೂ ನನ್ನ ಹರಕು ಇಂಗ್ಲಿಷಿಗೂ ಹೇಗೋ ಸ್ನೇಹ ಕುದುರಿತ್ತು.

ಮರುವರ್ಷ ಹೆಂಡತಿಯ ಜೊತೆ ಬಂದಾಗ, ಒಂದು ಭಾನುವಾರ ಊರು ತೋರಿಸಲು ಹೊರಟೆ. ನೀವೂ ನೆಂಟರಿಗೆ ಊರು ತೋರಿಸಿದವರೇ ತಾನೇ? ಗೊತ್ತಿಲ್ಲದ ಇತಿಹಾಸವನ್ನೆಲ್ಲ ಹೇಳುವ ಹುಮ್ಮಸ್ಸು ಬರುತ್ತದೆ. ನಾನಂತೂ ಚಿಕ್ಕಬಾಣಾವರ ದಾಟುವ ಮೊದಲೇ ರಾಜಮಹಾರಾಜರ ಕಥೆ ಶುರುಮಾಡಿದ್ದೆ. ನಿಮ್ಮ ಅಮ್ಮನೂ ಬರಲೇಬೇಕೆಂದು ಕ್ಲೇರ್ ಹಟ ಹಿಡಿದದ್ದರಿಂದ ಅವ್ವನೂ ಕಾರಿನಲ್ಲಿದ್ದಳು. ಅಪ್ಪ ತೀರಿಕೊಂಡ ಮೇಲೆ ಹುಬ್ಬಳ್ಳಿಯಿಂದ ನಮ್ಮ ಫ್ಲ್ಯಾಟಿಗೆ ಬಂದವಳು, ಆಸ್ಪತ್ರೆ ಬಿಟ್ಟರೆ ಈ ಊರಿನಲ್ಲಿ ಬೇರೇನೂ ಕಂಡಿರಲಿಲ್ಲ.

ಅರಮನೆಯ ಮುಂದೆ ಐದು ನಿಮಿಷ ನಿಂತವರು ಹೂವಿನ ಮಾರುಕಟ್ಟೆಯಿಂದ ಎರಡು ಗಂಟೆ ಅಲುಗಲಿಲ್ಲ. "ಬನ್ನಿ ಮೇಡಂ, ಈಗಿನ್ನೂ ಬಂದಿರೋದು" ಎಂದು ಹೂವಾಡಗಿತ್ತಿ ಕರೆದಳು. ಕ್ಲೇರ್‌ಳ ಗಿಡ್ಡ ಕೂದಲಲ್ಲಿ ಮಲ್ಲಿಗೆ ನಿಲ್ಲಲಿಲ್ಲ. ಅವಳು ನಗುತ್ತಾ ಹಿಂದೆ ತಿರುಗಿ, ಅದನ್ನು ಅವ್ವನ ತುರುಬಿಗೆ ಮುಡಿಸಿಬಿಟ್ಟಳು!

ಹೂವಾಡಗಿತ್ತಿಯ ಕೈ ಅಲ್ಲೇ ನಿಂತಿತು. ಕುಂಕುಮವಿಲ್ಲದೆ ಬರೀ ವಿಭೂತಿಯಿದ್ದ ಹಣೆ ನೋಡಿದರೇ ಗೊತ್ತಾಗುತ್ತದಲ್ಲ. ಅವ್ವ ಹೂ ಮುಡಿಯುವುದನ್ನು ಬಿಟ್ಟು ಆರು ವರ್ಷವಾಗಿತ್ತು. ನಾನು ಕ್ಲೇರ್‌ಗೆ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ತುರುಬು ಮುಟ್ಟಿ ನೋಡಿಕೊಂಡು, "ಇರ್ಲಿ ಬಿಡೋ, ಪ್ರೀತಿಲೇ ಇಟ್ಟಾಳ ಪಾಪ" ಎಂದಳು.

ಆಮೇಲೆ ಹೋಟೆಲಿನಲ್ಲಿ ಚಟ್ನಿಯ ಖಾರಕ್ಕೆ ಪಿಯೇರ್ ಕಣ್ಣು ಮೂಗು ಒರೆಸಿಕೊಳ್ಳುವುದನ್ನು ನೋಡಿ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಎಲ್ಲರೂ ಊಟಕ್ಕೆಂದು ನಮ್ಮ ಮನೆಗೆ ಮರಳಿದೆವು. ಲಿಫ್ಟಿನ ಮುಂದೆ ಮೂರನೇ ಮಹಡಿಯ ಕಾಮಾಕ್ಷಮ್ಮ ನಿಂತಿದ್ದರು. ವರ್ಷವರ್ಷವೂ ನಮ್ಮ ಅಪಾರ್ಟ್‌ಮೆಂಟಿನ ಮಹಿಳಾ ದಿನಾಚರಣೆಯಲ್ಲಿ ಸಮಾನತೆಯ ಭಾಷಣ ಬಿಗಿಯುವ ಮಹಾನುಭಾವ ನಾನು. ಅವ್ವನ ಕಿವಿಯ ಹತ್ತಿರ ಬಗ್ಗಿ, "ಅವ್ವಾ, ಹೂವು..." ಎಂದೆ.

ಅವ್ವ ಹೂ ತೆಗೆದು ನನ್ನ ಕೈಗಿಟ್ಟಳು. ಕ್ಲೇರ್ ನೋಡುತ್ತಿದ್ದಳು. ಥೂ, ಆ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇಂದು ಬೆಳಿಗ್ಗೆ ಗೇಟಿನ ಬಳಿ ಒಂದು ಮೊಳ ಮಲ್ಲಿಗೆ ಕೊಂಡು ಮೇಲೆ ಬಂದೆ. ಸೊಪ್ಪು ಸೋಸುತ್ತಿದ್ದ ಅವ್ವ ಹೂವನ್ನು ನೋಡಿದಳು, ನನ್ನ ಮುಖ ನೋಡಿದಳು.

"ಲಿಫ್ಟಿನ್ಯಾಗ ಯಾರರೆ ಇದ್ರೇನು?"

"ಕಾಮಾಕ್ಷಮ್ಮ ಇದ್ರು."

"ಏನಂದ್ರು?"

"ಹೂವು ಯಾರಿಗೆ ಅಂದ್ರು. ನಮ್ಮವ್ವಗ ಅಂದೆ."

ಅವ್ವ ಸೊಪ್ಪಿನ ಬುಟ್ಟಿಯನ್ನು ಬದಿಗೆ ಸರಿಸಿ, ನನಗೆ ಬೆನ್ನು ಮಾಡಿ ಕುಳಿತಳು.

"ಗಟ್ಟಿಗೆ ಸಿಗಸು" ಎಂದಳು. "ಬೀಳಬಾರ್ದು."